ಅಪ್ಪ-ಅಮ್ಮನಿಗೆ ಹೆಡ್‌ಫೋನ್: ಕಿವಿ ನೋಯದಂಥದ್ದನ್ನು ಆರಿಸುವ ಬಗೆ

ಅರವತ್ತು ದಾಟಿದವರಿಗೆ ಹೆಡ್‌ಫೋನ್ ಆರಿಸುವಾಗ ನಾನು ಧ್ವನಿಯ ಗುಣಮಟ್ಟವನ್ನು ಕೊನೆಗೆ ನೋಡುತ್ತೇನೆ. ಹೆಸರುಳ್ಳ ಕಂಪನಿಯ ಮಧ್ಯಮ ಬೆಲೆಯ ಹೆಡ್‌ಫೋನುಗಳೆಲ್ಲ ಹಾಡಿಗೂ ಧಾರಾವಾಹಿಗೂ ಪ್ರವಚನಕ್ಕೂ ಸಾಕಾಗುವಷ್ಟು ಚೆನ್ನಾಗಿಯೇ ಕೇಳಿಸುತ್ತವೆ. ತೊಂದರೆ ಶುರುವಾಗುವುದು ಅರ್ಧ ಗಂಟೆಯ ಮೇಲೆ. ಕಿವಿಯ ಮೇಲಂಚು ಬಿಸಿಯಾಗಿ ನೋಯುತ್ತದೆ, ಕನ್ನಡಕದ ಕಡ್ಡಿ ಒತ್ತುತ್ತದೆ, ನೆತ್ತಿ ಭಾರವಾಗುತ್ತದೆ. ಮಕ್ಕಳು ಪ್ರೀತಿಯಿಂದ ತಂದದ್ದು ಅಂತ ಹೆತ್ತವರು ಬಾಯಿಬಿಟ್ಟು ಹೇಳುವುದಿಲ್ಲ. ಹೆಡ್‌ಫೋನ್ ಬೀರು ಸೇರುತ್ತದೆ. ಆದ್ದರಿಂದ ಕೊಳ್ಳುವ ಮೊದಲೇ ಅಳತೆ ತೆಗೆದುಕೊಂಡು, ಕೊಂಡ ಮೇಲೆ ನಲವತ್ತು ನಿಮಿಷ ಹಾಕಿಸಿ ನೋಡುವುದು ನನ್ನ ಕ್ರಮ.

ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ಬೇಕಾಗುವುದು ಮನೆಯ ಕಾರಣಕ್ಕೆ. ಕಿವಿಯನ್ನು ಆವರಿಸುವ ಕಪ್ಪಿನ ಹೊರಭಾಗ ಮುಚ್ಚಿರುವುದರಿಂದ ಸದ್ದು ಹೊರಗೆ ಸೋರುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ತೊಂದರೆಯಿಲ್ಲ, ಹಾಲ್‌ನಲ್ಲಿ ಮೊಮ್ಮಗಳು ಓದುತ್ತಾ ಕೂತಿದ್ದರೂ ಸರಿ. ಹೊರಗಿನ ಗದ್ದಲ ತಗ್ಗುವುದರಿಂದ ವಾಲ್ಯೂಮ್ ಕೂಡ ಕಡಿಮೆ ಇಟ್ಟರೆ ಸಾಕು. ಇದಕ್ಕೆ ತೆರುವ ಬೆಲೆ ಎರಡು: ಕಿವಿ ಬೆವರುತ್ತದೆ, ಕುಕ್ಕರಿನ ಸೀಟಿ, ಬಾಗಿಲ ಬೆಲ್ ಕೇಳಿಸುವುದಿಲ್ಲ. ಒಲೆಯ ಮೇಲೆ ಏನಾದರೂ ಇಟ್ಟು ಹಾಡು ಕೇಳುವ ಅಭ್ಯಾಸ ಅಮ್ಮನಿಗಿದ್ದರೆ, ಹೊರಗಿನ ಸದ್ದನ್ನು ಮೈಕಿನಿಂದ ಒಳಗೆ ಬಿಡುವ ಆಂಬಿಯೆಂಟ್ ಮೋಡ್ ಇರುವ ಬ್ಲೂಟೂತ್ ಮಾದರಿಯನ್ನೇ ಆರಿಸುತ್ತೇನೆ.

ಮೊದಲು ಕಿವಿಯ ಅಳತೆ. ಒಂದು ಸಾದಾ ಸ್ಕೇಲ್ ಹಿಡಿದು ಕಿವಿಯ ಮೇಲಂಚಿನಿಂದ ಹಾಲೆಯ ತುದಿಯವರೆಗಿನ ಉದ್ದ ನೋಡಿ. ಆಮೇಲೆ ಹಿಂದಿನಿಂದ ನಿಂತು, ಕಿವಿ ತಲೆಯಿಂದ ಎಷ್ಟು ಹೊರಚಾಚಿದೆ ನೋಡಿ. ವಯಸ್ಸಾದಂತೆ ಕಿವಿ ನಿಜವಾಗಿಯೂ ಉದ್ದವಾಗುತ್ತದೆ. 1995ರಲ್ಲಿ ಇಂಗ್ಲೆಂಡಿನ ವೈದ್ಯರು ಅಳೆದು ಪ್ರಕಟಿಸಿದ ಸರಾಸರಿ ವರ್ಷಕ್ಕೆ 0.22 ಮಿಲಿಮೀಟರ್, ಮೂವತ್ತು ವರ್ಷಕ್ಕೆ ಆರೇಳು ಮಿಲಿಮೀಟರ್ ಆಯಿತು. ನಿಮ್ಮ ಕಿವಿಗೆ ಹಿತವಾಗಿ ಕೂತದ್ದು ಅಪ್ಪನ ಕಿವಿಗೆ ತಾಗುವುದು ಇದೇ ಕಾರಣಕ್ಕೆ. ಪ್ಯಾಡಿನ ಒಳಗಿನ ಕಿಂಡಿ ಕಿವಿಗಿಂತ ಉದ್ದದಲ್ಲಿ ನಾಲ್ಕೈದು ಮಿಲಿಮೀಟರ್ ಆದರೂ ಹೆಚ್ಚಿರಬೇಕು. ಆಳವೂ ಅಷ್ಟೇ ಮುಖ್ಯ. ಹಾಕಿಕೊಂಡಾಗ ಸ್ಪಂಜು ಅದುಮಿ ಆಳ ಕಡಿಮೆಯಾಗುತ್ತದೆ. ಕಿವಿ 20 ಮಿಲಿಮೀಟರ್ ಹೊರಚಾಚಿದ್ದರೆ, ಕೈಯಲ್ಲಿ ಹಿಡಿದಾಗ 20 ಮಿಲಿಮೀಟರ್ ಆಳ ಕಾಣುವ ಪ್ಯಾಡ್ ಸಾಲದು. ಕಿವಿ ಹೋಗಿ ಒಳಗಿನ ಸ್ಪೀಕರಿನ ಮೇಲಿನ ಬಟ್ಟೆಗೆ ಒತ್ತುತ್ತದೆ. ಕಿವಿಯ ಮೇಲೆಯೇ ಕೂರುವ ಆನ್-ಇಯರ್ ಮಾದರಿಗಳನ್ನು ನಾನು ಪಟ್ಟಿಗೇ ಸೇರಿಸುವುದಿಲ್ಲ. ಕಿವಿಯ ಎಲುಬಿನಂಥ ಮೃದ್ವಸ್ಥಿಯನ್ನು ಕನ್ನಡಕದ ಕಡ್ಡಿಗೆ ಒತ್ತಿ ಹಿಡಿಯುವುದರಿಂದ ನೋವು ಬೇಗ ಬರುತ್ತದೆ.

ಕನ್ನಡಕದ ವಿಷಯ ಬೇರೆಯೇ ಹೇಳಬೇಕು. ಕಡ್ಡಿ ಪ್ಯಾಡನ್ನು ಎತ್ತಿ ಹಿಡಿದ ಜಾಗದಲ್ಲಿ ಸಣ್ಣ ಸಂದು ಉಳಿಯುತ್ತದೆ, ಅಲ್ಲಿಂದ ತಗ್ಗು ಸ್ವರಗಳೆಲ್ಲ ಸೋರಿಹೋಗುತ್ತವೆ. ಇದನ್ನು ಪತ್ತೆ ಮಾಡಲು ಕರ್ನಾಟಕ ಸಂಗೀತದ ಒಂದು ತನಿ ಆವರ್ತನ (ಮೃದಂಗದವರು ಒಬ್ಬರೇ ನುಡಿಸುವ ಭಾಗ) ಸಾಕು. ಕನ್ನಡಕ ತೆಗೆದು ಕೇಳಿಸಿ, ಹಾಕಿಸಿ ಕೇಳಿಸಿ. ಮೃದಂಗದ ಎಡಗಡೆಯ ತೊಪ್ಪಿಯ ಗುಂಕಾರ ಎರಡು ಸಲವೂ ತುಂಬಿ ಬಂದರೆ ಪ್ಯಾಡ್ ಸರಿಯಾಗಿ ಕೂತಿದೆ. ಕನ್ನಡಕ ಹಾಕಿದಾಗ ಬಲಗಡೆಯ ಬೆರಳಿನ ಪೆಟ್ಟು ಮಾತ್ರ ಟಕಟಕ ಕೇಳಿ ಎಡಗಡೆ ಬಡವಾದರೆ ಸೋರುತ್ತಿದೆ ಎಂದರ್ಥ. ಮೆತ್ತನೆಯ, ದಪ್ಪ ಪ್ಯಾಡ್ ಕಡ್ಡಿಯ ಸುತ್ತ ಮಡಿದು ಕೂರುತ್ತದೆ. ಗಟ್ಟಿ ಪ್ಯಾಡಿಗೆ ಅದು ಆಗುವುದಿಲ್ಲ. ತೆಳ್ಳನೆಯ ಲೋಹದ ಕಡ್ಡಿಯಾದರೆ ತಾಪತ್ರಯ ಕಡಿಮೆ, ಅಗಲ ಪ್ಲಾಸ್ಟಿಕ್ ಫ್ರೇಮಿಗೆ ಹೆಚ್ಚು.

ಅಮ್ಮಂದಿರಿಗೆ ಓಲೆ. ಹಾಲೆಯ ಮುಂದಿನ ಹರಳಿಗಿಂತ ಹಿಂದಿನ ತಿರುಪೇ ತೊಂದರೆ ಕೊಡುವುದು. ಪ್ಯಾಡಿನ ಕೆಳಂಚು ಹಾಲೆಯನ್ನು ಒತ್ತಿದಾಗ ತಿರುಪಿನ ತುದಿ ಕಿವಿಯ ಹಿಂದಿನ ಚರ್ಮಕ್ಕೆ ಚುಚ್ಚುತ್ತದೆ. ಹಾಲೆ ಪೂರ್ತಿ ಕಿಂಡಿಯ ಒಳಗೆ ಕೂರುವ ಮಾದರಿ ಸಿಕ್ಕಿದರೆ ಮಾತ್ರ ಇದಕ್ಕೆ ಪರಿಹಾರ. ದಿನವೂ ಓಲೆ ಬಿಚ್ಚಿಟ್ಟು ಹಾಡು ಕೇಳಿ ಅನ್ನುವುದು ನಡೆಯುವ ಮಾತಲ್ಲ. ಜುಮುಕಿ, ಮಾಟಿ ಹಾಕುವವರಾದರೆ ಯಾವ ದೊಡ್ಡ ಹೆಡ್‌ಫೋನೂ ಒಗ್ಗುವುದಿಲ್ಲ. ತುರುಬು ಎತ್ತರಕ್ಕೆ ಕಟ್ಟುತ್ತಿದ್ದರೆ ಹೆಡ್‌ಬ್ಯಾಂಡ್ ಎಲ್ಲಿ ಕೂರುತ್ತದೆ ಎಂದೂ ಅಂಗಡಿಯಲ್ಲೇ ನೋಡಿಬಿಡಿ.

ತೂಕಕ್ಕೆ ನಾನು ಹಾಕಿಕೊಂಡ ಗೆರೆ 250 ಗ್ರಾಂ. ಸೋನಿ ಡಬ್ಲ್ಯುಎಚ್-ಸಿಎಚ್720ಎನ್ 192 ಗ್ರಾಂ. ಬ್ಲೂಟೂತ್ ಮಾದರಿಗಳಲ್ಲಿ ಹಿರಿಯರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಬೋಸ್ ಕ್ಯೂಸಿ45 ಸುಮಾರು 240 ಗ್ರಾಂ, ತಲೆಯ ಮೇಲಿನ ಬಿಗಿ ಬಹಳ ಹದವಾಗಿದೆ, ಬೆಲೆ ಹೆಚ್ಚು. ಸ್ಟುಡಿಯೊದವರು ಮೆಚ್ಚುವ ಆಡಿಯೊ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್ 285 ಗ್ರಾಂ, ಕಿಂಡಿ ಚಿಕ್ಕದು, ಬಿಗಿ ಜಾಸ್ತಿ, ಹಿರಿಯರಿಗೆ ಬೇಡ. 1991ರಿಂದ ಬರುತ್ತಿರುವ ಸೋನಿ ಎಂಡಿಆರ್-7506 ವೈರ್ ಬಿಟ್ಟು 230 ಗ್ರಾಂ ಅಷ್ಟೇ, ಆದರೆ ಪ್ಯಾಡ್ ತೆಳು, ಸುರುಳಿ ವೈರ್ ಒಂದು ಕಡೆಗೆ ಜಗ್ಗುತ್ತದೆ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ 270 ಗ್ರಾಂ ಇದ್ದು ನನ್ನ ಗೆರೆ ದಾಟುತ್ತದೆ. ಆದರೂ ಅದರ ದೊಡ್ಡ ಗುಂಡನೆಯ ಮಖಮಲ್ ಪ್ಯಾಡು ಕಿವಿಗೆ ಕೊಡುವ ಹಿತ ಬೇರೆಯದರಲ್ಲಿ ಕಂಡಿಲ್ಲ. ಕೂತಲ್ಲೇ ಕೂತು ಗಂಟೆಗಟ್ಟಲೆ ಸಂಗೀತ ಕೇಳುವ ಅಪ್ಪನಿಗೆ ಅದು ಒಳ್ಳೆಯದು. ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ, ಕೊಳ್ಳುವಾಗ 80 ಓಮ್‌ನದ್ದನ್ನೇ ಕೇಳಿ. 250 ಓಮ್‌ನದ್ದು ಫೋನಿಗೆ ಸಿಕ್ಕಿಸಿದರೆ ಸದ್ದು ಸಾಲುವುದಿಲ್ಲ. ಅದರ ಮೇಲಿನ ಸ್ವರಗಳು ತುಸು ಹರಿತ ಎಂಬುದೂ ಗೊತ್ತಿರಲಿ. ಯಕ್ಷಗಾನದ ಚಂಡೆ, ತಾಳ ಕಿವಿಗೆ ಚುಚ್ಚುತ್ತದೆ ಎಂದರೆ ಫೋನಿನ ಈಕ್ವಲೈಸರ್‌ನಲ್ಲಿ (ತಗ್ಗು, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸೆಟ್ಟಿಂಗ್) 8 ಕಿಲೋಹರ್ಟ್ಜ್ ಸುತ್ತಮುತ್ತ ಮೂರ್ನಾಲ್ಕು ಡೆಸಿಬೆಲ್ ಇಳಿಸಬೇಕು.

ಹೊಸದರಲ್ಲಿ ಬಿಗಿ ಎನಿಸಿದರೆ ಒಂದು ಉಪಾಯವಿದೆ. ಅಪ್ಪನ ತಲೆಯ ಅಗಲದಷ್ಟು ಪುಸ್ತಕಗಳನ್ನು ಜೋಡಿಸಿ, ಅದಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚು ಮಾಡಿ, ಹೆಡ್‌ಫೋನನ್ನು ರಾತ್ರಿಯಿಡೀ ಅದಕ್ಕೆ ಹಾಕಿಡಿ. ಬೆಳಿಗ್ಗೆ ಹಾಕಿಸಿ ನೋಡಿ, ಬೇಕಿದ್ದರೆ ಇನ್ನೊಂದು ರಾತ್ರಿ. ಒಳಗೆ ಉಕ್ಕಿನ ಪಟ್ಟಿ ಇರುವವು ಇದಕ್ಕೆ ಬಗ್ಗುತ್ತವೆ. ಬರೀ ಪ್ಲಾಸ್ಟಿಕ್ಕಿನವನ್ನು ಹೀಗೆ ಎಳೆದಿಟ್ಟರೆ ಕೀಲಿನ ಹತ್ತಿರ ಬಿರುಕು ಬಿಡುತ್ತದೆ. ತೀರ ಸಡಿಲ ಮಾಡಿದರೂ ಕೆಲಸ ಕೆಟ್ಟಿತು: ಬಗ್ಗಿದಾಗ ಜಾರುತ್ತದೆ, ತಗ್ಗು ಸ್ವರ ಸೋರುತ್ತದೆ.

ಟಿವಿ ನೋಡಲಿಕ್ಕೆ ಅಂತಾದರೆ ಬ್ಲೂಟೂತ್ ಬಗ್ಗೆ ಎಚ್ಚರ ಬೇಕು. ಸಾಮಾನ್ಯ ಬ್ಲೂಟೂತಿನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ತುಟಿ ಮುಂದೆ, ಮಾತು ಹಿಂದೆ. ಕೆಲವು ಟಿವಿಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಸರಿಹೊಂದಿಸುತ್ತವೆ, ಎಲ್ಲವೂ ಅಲ್ಲ. ಮೆನುವಿನಲ್ಲಿರುವ ಆಡಿಯೊ ಡಿಲೇ ಇದಕ್ಕೆ ಮದ್ದಲ್ಲ, ಅದು ಸದ್ದನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಇರುವ ಟ್ರಾನ್ಸ್‌ಮಿಟರ್ ಕೊಂಡರೆ ತಡ ಸುಮಾರು 40 ಮಿಲಿಸೆಕೆಂಡಿಗೆ ಇಳಿಯುತ್ತದೆ, ಆದರೆ ಹೆಡ್‌ಫೋನಿನಲ್ಲೂ ಅದೇ ಕೋಡೆಕ್ (ಸದ್ದನ್ನು ಅಡಕಮಾಡಿ ಕಳಿಸುವ ವಿಧಾನ) ಇರಬೇಕು. ಮೇಲೆ ಹೇಳಿದ ಸೋನಿ, ಬೋಸ್ ಎರಡರಲ್ಲೂ ಅದಿಲ್ಲ. ಟಿವಿಗೇ ಮೀಸಲಾದರೆ ಸೆನ್‌ಹೈಸರ್ ಆರ್‌ಎಸ್ 175ರಂಥ ರೇಡಿಯೊ ಹೆಡ್‌ಫೋನ್ ಉತ್ತಮ. ತೂಕ 310 ಗ್ರಾಂ ಎಂಬುದೊಂದೇ ಕೊರತೆ. ಅದರ ಸ್ಟ್ಯಾಂಡೇ ಚಾರ್ಜರ್. ಮುಗಿದ ಮೇಲೆ ಅಲ್ಲಿ ಇಟ್ಟರಾಯಿತು, ವೈರ್ ಚುಚ್ಚುವ ಕೆಲಸವಿಲ್ಲ. ಆಪ್ಟಿಕಲ್ ಕೇಬಲ್ ಹಾಕಿದ ಮೇಲೆ ಸದ್ದೇ ಬಾರದಿದ್ದರೆ ಟಿವಿಯ ಡಿಜಿಟಲ್ ಆಡಿಯೊ ಔಟ್‌ಪುಟ್ ಡಾಲ್ಬಿಯಲ್ಲಿರುತ್ತದೆ, ಪಿಸಿಎಂಗೆ ಬದಲಿಸಿ.

ಉಡುಗೊರೆಯನ್ನು ಪೆಟ್ಟಿಗೆಯಲ್ಲೇ ಕೊಟ್ಟು ಬರಬೇಡಿ. ಸೆಟ್ಟಿಂಗ್ ಎಲ್ಲ ಮುಗಿಸಿ ಕೊಡಿ. ಸೋನಿಯ ದುಬಾರಿ ಮಾದರಿಗಳಾದ ಎಕ್ಸ್‌ಎಂ4, ಎಕ್ಸ್‌ಎಂ5ಗಳಲ್ಲಿ ಸ್ಪೀಕ್-ಟು-ಚಾಟ್ ಎಂಬುದಿದೆ. ಹಾಕಿಕೊಂಡವರು ಮಾತಾಡಿದರೆ ಹಾಡು ತಾನೇ ನಿಲ್ಲುತ್ತದೆ. ಅಮ್ಮ ದಾಸರ ಪದದ ಜೊತೆ ದನಿಗೂಡಿಸಿದರೂ ನಿಲ್ಲುತ್ತದೆ, ಯಾಕೆ ನಿಂತಿತೆಂದು ಅವರಿಗೆ ತಿಳಿಯುವುದಿಲ್ಲ. ಆ್ಯಪ್‌ನಲ್ಲಿ ಅದನ್ನು ಆಫ್ ಮಾಡಿ, ಕಪ್ಪಿನ ಟಚ್ ನಿಯಂತ್ರಣವನ್ನೂ ಆಫ್ ಮಾಡಿ. ಒತ್ತುವ ಬಟನ್ ಇರುವ ಮಾದರಿಗಳನ್ನೇ ನಾನು ಮೆಚ್ಚುವುದು ಇದಕ್ಕೇ. ಬಲಗಡೆಯ ಕಪ್ಪಿಗೆ ಕೆಂಪು ಇನ್ಸುಲೇಶನ್ ಟೇಪಿನ ಚೂರು, ವಾಲ್ಯೂಮ್ ಹೆಚ್ಚಿಸುವ ಬಟನ್ ಮೇಲೆ ಒಂದು ಹನಿ ಫೆವಿಕ್ವಿಕ್ ಒಣಗಿಸಿ ಉಬ್ಬು ಮಾಡಿದರೆ ಕಣ್ಣಿಗೂ ಬೆರಳಿಗೂ ಗುರುತು ಸಿಗುತ್ತದೆ.

ವಯಸ್ಸಾದಾಗ ಮೊದಲು ಹೋಗುವುದು ಮೇಲಿನ ಸ್ವರಗಳು. ಸಾಲು, ಕಾಲು, ಹಾಲು ಒಂದೇ ಥರ ಕೇಳತೊಡಗುತ್ತವೆ. ವಾಲ್ಯೂಮ್ ಏರಿಸಿದರೆ ತಗ್ಗು ಸ್ವರವೂ ಏರುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ಈಕ್ವಲೈಸರ್‌ನಲ್ಲಿ 2ರಿಂದ 4 ಕಿಲೋಹರ್ಟ್ಜ್ ಭಾಗವನ್ನಷ್ಟೇ ಎತ್ತಿದರೆ ಮಾತು ತಿಳಿಯಾಗುತ್ತದೆ. ಒಂದು ಕಿವಿ ಮಂದವಿದ್ದರೆ ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೊ ಆಡಿಯೊ ಆನ್ ಮಾಡಿ, ಎಡ-ಬಲ ಬ್ಯಾಲೆನ್ಸನ್ನು ಅವರೇ ಹೇಳಿದಂತೆ ಸರಿಸಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಐಫೋನಿನಲ್ಲಿ ಹೆಡ್‌ಫೋನ್ ಸೇಫ್ಟಿಗೆ ಹೋಗಿ ಆ ಮಿತಿಯನ್ನು ಹಾಕಿಡಬಹುದು. ಎದುರು ಕೂತು ಮಾತಾಡಿದರೂ ಮತ್ತೆ ಮತ್ತೆ "ಏನು?" ಅನ್ನುತ್ತಿದ್ದರೆ ಹೆಡ್‌ಫೋನ್ ಕೊಳ್ಳುವ ಮೊದಲು ಶ್ರವಣ ಪರೀಕ್ಷೆ ಮಾಡಿಸಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ಕಿವಿಯ ಹಿಂದೆ ಕೂರುವ ಶ್ರವಣ ಸಾಧನ ಈಗಾಗಲೇ ಇದ್ದರೆ ಅದರ ಮೈಕ್ ಕಿವಿಯ ಮೇಲ್ತುದಿಯಲ್ಲಿರುತ್ತದೆ. ಕಪ್ ಅದನ್ನೂ ಒಳಗೆ ಹಾಕಿಕೊಳ್ಳುವಷ್ಟು ದೊಡ್ಡದಿರಬೇಕು, ಹಾಕಿದಾಗ ಕುಯ್ ಎಂದು ಶಿಳ್ಳೆ ಬರಬಾರದು.

ಪೇಸ್‌ಮೇಕರ್ ಇರುವವರು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಬಿಟ್ಟುಕೊಳ್ಳುವುದಾಗಲಿ, ಎದೆಯ ಮೇಲಿಟ್ಟುಕೊಂಡು ಮಲಗುವುದಾಗಲಿ ಮಾಡಬಾರದು. ಸ್ಪೀಕರಿನಲ್ಲಿ ಬಲವಾದ ಅಯಸ್ಕಾಂತವಿದೆ. ಕನಿಷ್ಠ 15 ಸೆಂಟಿಮೀಟರ್ ದೂರವಿರಲಿ. ವೈದ್ಯರನ್ನೂ ಒಂದು ಮಾತು ಕೇಳಿ.

ಇನ್ನು ಬಾಳಿಕೆ. ರೆಕ್ಸಿನ್ ಪ್ಯಾಡಿಗೆ ಎರಡು ಶತ್ರುಗಳು, ತೇವ ಮತ್ತು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಮಂಗಳೂರು, ಕಾರವಾರದ ಕಡೆ ಪ್ಯಾಡ್ ಎರಡು ಮೂರು ವರ್ಷಕ್ಕೇ ಕಪ್ಪು ಹೊಪ್ಪಳೆ ಎದ್ದು ಕಿವಿಗೆ ಅಂಟಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡಿ ವಾರಕ್ಕೊಮ್ಮೆ ಒರೆಸಿ, ಒಣ ಬಟ್ಟೆಯಿಂದ ಇನ್ನೊಮ್ಮೆ. ಸ್ಪಿರಿಟ್ ಹಚ್ಚಿದರೆ ರೆಕ್ಸಿನ್ ಬೇಗ ಬಿರಿಯುತ್ತದೆ. ಎಣ್ಣೆ ಹಚ್ಚುವ ದಿನ ಪ್ಯಾಡಿಗೆ ತೆಳು ಹತ್ತಿ ಬಟ್ಟೆಯ ಗವಸು ಹಾಕಿದರೆ ಸಾಕು, ತಗ್ಗು ಸ್ವರ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೆ. ಪ್ಯಾಡ್ ಬದಲಿಸುವುದು ಕಷ್ಟವಲ್ಲ. ಹಳೆಯದರ ಅಂಚಿಗೆ ಬೆರಳು ತೂರಿಸಿ ಎಳೆದರೆ ಬರುತ್ತದೆ. ಹೊಸದರ ಹಿಂದಿನ ತುಟಿಯನ್ನು ಕಪ್ಪಿನ ಅಂಚಿನ ಸಂದಿಗೆ ಒಂದು ಕಡೆ ಸಿಕ್ಕಿಸಿ, ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಉಳಿದದ್ದನ್ನು ಸುತ್ತಲೂ ಒಳಗೆ ತಳ್ಳುತ್ತಾ ಬನ್ನಿ. ಮುಂದಕ್ಕಿರಲಿ ಅಂತ ಎರಡನೇ ಜೋಡಿಯನ್ನು ಈಗಲೇ ತಂದಿಡಬೇಡಿ. ಬಳಸದೆ ಇಟ್ಟರೂ ತೇವಕ್ಕೆ ರೆಕ್ಸಿನ್ ಹಳಸುತ್ತದೆ. ಮೊದಲ ಸಿಪ್ಪೆ ಏಳುವುದು ಕಂಡಾಗ ತರಿಸಿದರೆ ಸರಿ.