ಹಸುವಿಗೆ ಭ್ರೂಣ ಬಿಡುವ ಮುನ್ನ: ಎಡಗೊಂಬೋ ಬಲಗೊಂಬೋ?

ಕೃತಕ ಗರ್ಭಧಾರಣೆಯಲ್ಲಿ ಕೈ ಪಳಗಿದ ಹುಡುಗರು ಭ್ರೂಣ ವರ್ಗಾವಣೆ ಕಲಿಯೋಕೆ ಬಂದರೆ ನಾನು ಮೊದಲು ಕೇಳೋದು ಇದನ್ನೇ: ಗರ್ಭಕೋಶದ ಎರಡು ಕವಲುಗಳಲ್ಲಿ (ಇವನ್ನೇ ಕೊಂಬು ಅಂತೀವಿ) ಭ್ರೂಣ ಯಾವುದಕ್ಕೆ ಬಿಡಬೇಕು? ವೀರ್ಯವನ್ನು ಗರ್ಭಕಂಠ ದಾಟಿಸಿ ಬಿಟ್ಟರೆ ಸಾಕು, ಎರಡೂ ಕೊಂಬಿಗೆ ಹೋಗುತ್ತದೆ. ಹಸುವಿನ ಭ್ರೂಣ ಹಾಗಲ್ಲ. ಬಿಟ್ಟ ಕಡೆಯೇ ಇರುತ್ತದೆ, ಆಚೆ ಕೊಂಬಿಗೆ ದಾಟುವುದು ತೀರಾ ಅಪರೂಪ. ಕುರಿಯಲ್ಲಿ ಕಥೆ ಬೇರೆ. ಒಂದೇ ಅಂಡಾಶಯದಿಂದ ಎರಡು ಅಂಡ ಬಿದ್ದರೆ, ಸಾಮಾನ್ಯವಾಗಿ ಒಂದು ಭ್ರೂಣ ಪಕ್ಕದ ಕೊಂಬಿಗೆ ಸರಿದು ಜಾಗ ಮಾಡಿಕೊಡುತ್ತದೆ. ಒಳ್ಳೆ ಸಂಸ್ಕಾರ ಅಲ್ವಾ!

ಹಸುವಿನಲ್ಲಿ ಸಿ.ಎಲ್. ಗಂಟು (ಕಾರ್ಪಸ್ ಲೂಟಿಯಂ; ಅಂಡ ಬಿದ್ದ ಜಾಗದಲ್ಲಿ ಬೆಳೆದು ಗರ್ಭ ಉಳಿಸುವ ಹಾರ್ಮೋನ್ ಬಿಡುವ ಗಂಟು) ಇರುವ ಅಂಡಾಶಯದ ಪಕ್ಕದ ಕೊಂಬಿಗೇ ಭ್ರೂಣ ಬಿಡಬೇಕು. ಕಡೆ ತಪ್ಪಿದರೆ ಏನಾಗುತ್ತದೆ? ಖಾಲಿ ಇರುವ ಕೊಂಬಿನಿಂದ ಹೊರಟ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ಹಾರ್ಮೋನ್, ಅದೇ ಪಕ್ಕದ ರಕ್ತನಾಳದಿಂದ ನೇರ ಅಂಡಾಶಯಕ್ಕೆ ಇಳಿದು ಸಿ.ಎಲ್. ಗಂಟನ್ನು ಕರಗಿಸುತ್ತದೆ. ಅದನ್ನು ತಡೆಯುವುದು ಭ್ರೂಣ ಬಿಡುವ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನ್. ಸುಮಾರು 16ನೇ ದಿನದ ಹೊತ್ತಿಗೆ ಅದು ಗಂಟಿನ ಪಕ್ಕದ ಕೊಂಬಿನಲ್ಲೇ ಸಿಗಬೇಕು. ಇಲ್ಲದಿದ್ದರೆ ಹಸು ಮತ್ತೆ ಬೆದೆಗೆ ಬರುತ್ತದೆ. ಭ್ರೂಣ ಆಮೇಲೆ ದಾರದ ಹಾಗೆ ಉದ್ದವಾಗಿ ಆಚೆ ಕೊಂಬಿಗೂ ಚಾಚುತ್ತದೆ, ನಿಜ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಆದ್ದರಿಂದ ಬೆದೆಯ ದಿನವನ್ನು ಸೊನ್ನೆ ಅಂತ ಎಣಿಸಿ, ಏಳನೇ ದಿನ ಗುದದ್ವಾರದಿಂದ ಕೈ ಹಾಕಿ ಎರಡೂ ಅಂಡಾಶಯ ಮುಟ್ಟಿ ನೋಡಿ. ಅಂಡ ಬೆಳೆಯುವ, ನೀರು ತುಂಬಿದ ಕೋಶಿಕೆ ಒತ್ತಿದರೆ ಬಳುಕುತ್ತದೆ. ಸಿ.ಎಲ್. ಗಟ್ಟಿ, ಎಷ್ಟೋ ಸಲ ತುದಿಯಲ್ಲಿ ಸಣ್ಣ ಕಿರೀಟದ ಉಬ್ಬು. ಅನುಮಾನ ಇದ್ದರೆ ಸ್ಕ್ಯಾನ್ ಮಾಡಿ. ಗಂಟು ಸಿಗದ ಹಸುವಿಗೆ ಭ್ರೂಣ ಸುಮ್ನೆ ದಂಡ ಮಾಡಬೇಡಿ.

ಪಕ್ಕ ಖಚಿತವಾದ ಮೇಲೆ ಬಾಲದ ಬುಡಕ್ಕೆ ಸುಮಾರು 5 ಮಿ.ಲೀ. 2% ಲಿಗ್ನೊಕೇನ್ (ಮರಗಟ್ಟಿಸುವ ಮದ್ದು) ಎಪಿಡ್ಯುರಲ್, ಅಂದರೆ ಬೆನ್ನುಹುರಿ ಪೊರೆಯ ಹೊರಗಿನ ಚುಚ್ಚುಮದ್ದಾಗಿ ಕೊಡಿ. ಇದು ವೈದ್ಯರ ಕೆಲಸ. ಬಾಲ ಸಡಿಲವಾಗುವವರೆಗೆ ಕಾಯಿರಿ, ಹಸು ತಿಣುಕುವುದು ನಿಲ್ಲುತ್ತದೆ. ಹೊರಭಾಗ ತೊಳೆದು ಒರೆಸಿ. ಭ್ರೂಣ ಬಿಡುವ ಕೊಳವೆ ಸಾಧನಕ್ಕೆ (ಗನ್) ಶೀತ್ ಎಂಬ ತೆಳು ಹೊರಕೊಳವೆ ಹಾಕಿ, ಮೇಲೊಂದು ಪ್ಲಾಸ್ಟಿಕ್ ಕವಚ ಹಾಕಿ. ಗರ್ಭಕಂಠದ ಬಾಯಿಗೆ ತಲುಪಿದ ಮೇಲೆ ಕವಚ ಹಿಂದಕ್ಕೆಳೆಯಿರಿ.

ಇನ್ನು ಅವಸರ ಬೇಡ. ಗನ್ ಮುಂದೆ ತಳ್ಳುವ ಬದಲು, ಒಳಗಿನ ಕೈಯಿಂದ ಕೊಂಬನ್ನು ಮೆಲ್ಲಗೆ ನೇರ ಮಾಡಿ ಗನ್ನಿನ ಮೇಲೆ ತೊಡಿಸುತ್ತಾ ಬನ್ನಿ. ಸರಾಗವಾಗಿ ಹೋದಷ್ಟು ದೂರ ಹೋಗಿ, ಸಾಮಾನ್ಯವಾಗಿ ಕೊಂಬಿನ ಮಧ್ಯಭಾಗ ದಾಟಿದರೆ ಒಳ್ಳೆಯದು. ತಡೆ ಸಿಕ್ಕರೆ ಅಲ್ಲೇ ಬಿಡಿ. ಒಳಪೊರೆ ಗೀಚಿ ರಕ್ತ ಬರಿಸಿಕೊಂಡು ಇನ್ನೆರಡು ಸೆಂ.ಮೀ. ಆಳ ಹೋಗುವುದರಿಂದ ನಷ್ಟವೇ ಜಾಸ್ತಿ.

ಕುರಿಗೆ ಈ ದಾರಿ ಹಿಡಿಯಬೇಡಿ. ಅದರ ಗರ್ಭಕಂಠ ಮಡಿಕೆ ಮಡಿಕೆ, ಗನ್ ದಾಟುವುದೇ ಕಷ್ಟ. ಲ್ಯಾಪ್ರೊಸ್ಕೋಪ್‌ನಿಂದ (ಸಣ್ಣ ರಂಧ್ರದಿಂದ ಒಳಗೆ ನೋಡುವ ಸಾಧನ) ಹೊಟ್ಟೆಯ ಕಡೆಯಿಂದ ಬಿಡುತ್ತಾರೆ.