ಹೊಸ ಹಾರ್ಡ್ ಡಿಸ್ಕ್ ತಂದ್ರಾ? ಮೊದಲು ಪಹಣಿ ನೋಡಿ

ಬಾಗಲಕೋಟೆಯ ನವನಗರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ನನ್ನ ಗೆಳೆಯ, ಮದುವೆ ವಿಡಿಯೋಗಳಿಗೆ ಜಾಗ ಸಾಲದೆ 4 ಟಿಬಿ ಹಾರ್ಡ್ ಡಿಸ್ಕ್ ತಂದ. ಬಳಸೋಕೆ ಸಿಕ್ಕಿದ್ದು 2048 ಜಿಬಿ ಮಾತ್ರ. ಉಳಿದದ್ದು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯಲ್ಲಿ ಕಪ್ಪು ಪಟ್ಟಿಯಡಿ 'ಅನ್‌ಅಲೊಕೇಟೆಡ್' (ಯಾರಿಗೂ ಹಂಚದ ಜಾಗ) ಅಂತ ಸುಮ್ನೆ ಕೂತಿತ್ತು. ಡಿಸ್ಕ್ ಕೆಟ್ಟಿರಲಿಲ್ಲ. ಮೊದಲ ದಿನ ಎಂಬಿಆರ್ ಎಂಬ ಹಳೆ ಪದ್ಧತಿ ಆರಿಸಿದ್ದ, ಅಷ್ಟೇ.

ಹೊಲದ ಲೆಕ್ಕದಲ್ಲಿ ಹೇಳಿದರೆ ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ಡಿಸ್ಕ್ ಅಂದರೆ ಇಡೀ ಹೊಲ. ವಾಲ್ಯೂಮ್ ಅಂದರೆ ಬದು ಹಾಕಿದ ತುಂಡು. ಸಿ, ಡಿ, ಇ ಅಂತ ಕಾಣುತ್ತವಲ್ಲ, ಅವೇ. ಯಾವ ತುಂಡು ಎಲ್ಲಿಂದ ಎಲ್ಲಿವರೆಗೆ ಅಂತ ಬರೆದಿಡುವ ಪಹಣಿಯೇ ಎಂಬಿಆರ್ ಅಥವಾ ಜಿಪಿಟಿ. ಎಂಬಿಆರ್ ಹಳೆಯದು, 2 ಟಿಬಿ ಆಚೆಗಿನ ಜಾಗ ಅದರ ಲೆಕ್ಕಕ್ಕೆ ಸಿಗುವುದಿಲ್ಲ, ಪ್ರೈಮರಿ ತುಂಡುಗಳೂ ನಾಲ್ಕೇ. ಜಿಪಿಟಿಯಲ್ಲಿ ವಿಂಡೋಸ್ 128 ತುಂಡುಗಳವರೆಗೆ ಒಪ್ಪುತ್ತದೆ. ಪಹಣಿಯ ಇನ್ನೊಂದು ಪ್ರತಿಯೂ ಡಿಸ್ಕ್‌ನ ಕೊನೆಯಲ್ಲಿ ಇರುತ್ತದೆ.

ಈಗ ಕೆಲಸಕ್ಕೆ ಬನ್ನಿ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಹೊಸ ಡಿಸ್ಕ್ ಇದ್ದರೆ 'ಇನಿಶಿಯಲೈಜ್' (ಹೊಸ ಪಹಣಿ ಬರೆಯಲೇ) ಅಂತ ಕೇಳುತ್ತದೆ, ಜಿಪಿಟಿ ಆರಿಸಿ. ಆದರೆ ಫೋಟೋ ತುಂಬಿರುವ ಹಳೆ ಡಿಸ್ಕ್ ಒಂದು ದಿನ ಇದ್ದಕ್ಕಿದ್ದಂತೆ ಹೀಗೆ ಕೇಳಿದರೆ ಓಕೆ ಒತ್ತಲೇಬೇಡಿ, ಮೊದಲು ಒಳಗಿನದನ್ನು ಉಳಿಸಿಕೊಳ್ಳುವ ದಾರಿ ನೋಡಿ. ಎಂಬಿಆರ್ ಆಗಿಬಿಟ್ಟಿದ್ದರೆ ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿ, ವಾಲ್ಯೂಮ್‌ಗಳನ್ನು ಅಳಿಸಿ, ಎಡಗಡೆ ಡಿಸ್ಕ್ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಜಿಪಿಟಿಗೆ ಬದಲಿಸಿ. ಗೆಳೆಯನೂ ಹಾಗೇ ಮಾಡಿದ, ಒಂದು ಇಡೀ ರಾತ್ರಿ ಹಿಡಿಯಿತು.

ಆಮೇಲೆ ಕಪ್ಪು ಪಟ್ಟಿಯ ಮೇಲೆ ಬಲ ಕ್ಲಿಕ್, 'ನ್ಯೂ ಸಿಂಪಲ್ ವಾಲ್ಯೂಮ್'. ಹೆಚ್ಚಿನವರಿಗೆ ಇದೇ ಸಾಕು.

ಬಲ ಕ್ಲಿಕ್ ಮಾಡಿದಾಗ ಬರುವ ಅದೇ ಮೆನುವಿನಲ್ಲಿ 'ಸ್ಪ್ಯಾನ್ಡ್' ಅಂತಲೂ ಇರುತ್ತದೆ. ಎರಡು ಡಿಸ್ಕ್ ಸೇರಿಸಿ ಒಂದೇ ಮಾಡಬಹುದು ಅಂತ ಆಸೆ ಹುಟ್ಟುತ್ತದೆ, ಅಲ್ವಾ? ಅದನ್ನು ಒತ್ತಿದರೆ ವಿಂಡೋಸ್ ನಿಮ್ಮ ಬೇಸಿಕ್ (ಸಾಮಾನ್ಯ) ಡಿಸ್ಕ್‌ಗಳನ್ನು ಡೈನಾಮಿಕ್ (ಒಂದೇ ವಾಲ್ಯೂಮ್ ಹಲವು ಡಿಸ್ಕ್‌ಗಳಿಗೆ ಹರಡಬಲ್ಲ ಬಗೆ) ಮಾಡುತ್ತದೆ. ಆಮೇಲೆ ಎರಡರಲ್ಲಿ ಒಂದು ಕೆಟ್ಟರೂ ಇಡೀ ವಾಲ್ಯೂಮ್ ಹೋಗುತ್ತದೆ. ವಾಪಸ್ ಬೇಸಿಕ್ ಮಾಡಬೇಕೆಂದರೆ ಎಲ್ಲ ವಾಲ್ಯೂಮ್ ಅಳಿಸಬೇಕು. ಡೈನಾಮಿಕ್ ಬದಲು, ಡಿಸ್ಕ್‌ಗಳನ್ನು ಕೂಡಿಸುವ ವಿಂಡೋಸ್‌ನ ಇನ್ನೊಂದು ಸೌಲಭ್ಯವಾದ ಸ್ಟೋರೇಜ್ ಸ್ಪೇಸಸ್ ಬಳಸಿ ಅಂತ ಈಗ ಮೈಕ್ರೋಸಾಫ್ಟ್ ಕೂಡ ಹೇಳುತ್ತದೆ. ಜನರ ಮದುವೆ ನೆನಪು ಇಡುವವರು ಈ ಅಪಾಯಕ್ಕೆ ಕೈ ಹಾಕಬಾರದು.

ಕೊನೆಗೆ ಫಾರ್ಮ್ಯಾಟ್, ಅಂದರೆ ತುಂಡಿನೊಳಗೆ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ ಆರಿಸುವುದು. ಕಂಪ್ಯೂಟರ್ ಒಳಗೇ ಇರುವ ಡಿಸ್ಕ್‌ಗೆ ಎನ್‌ಟಿಎಫ್‌ಎಸ್. ಮ್ಯಾಕ್‌ಗೂ ಹಾಕುವ ಪೆನ್‌ಡ್ರೈವ್‌ಗೆ ಎಕ್ಸ್‌ಫ್ಯಾಟ್. ಫ್ಯಾಟ್32 ಬೇಡ, 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ಎಲ್ಲ ಮುಗಿದ ಮೇಲೆ 4 ಟಿಬಿ ಡಿಸ್ಕ್ 3.63 ಟಿಬಿ ಅಂತ ತೋರಿಸಿದರೆ ಗಾಬರಿ ಬೇಡ. ಕಂಪನಿ 1000ರ ಲೆಕ್ಕದಲ್ಲಿ ಎಣಿಸಿದ್ದನ್ನು ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.