ಹನ್ನೆರಡು ತೆಂಗಿನ ಮರ ಅಂದ್ರೆ ನೂರು ಮೀಟರ್: ಎನ್‌ಸಿಸಿ ಮ್ಯಾಪ್ ರೀಡಿಂಗ್‌ನಲ್ಲಿ ನನ್ನ ಅನುಭವ

ಕಳೆದ ಸಲ ಸಿ ಸರ್ಟಿಫಿಕೇಟ್ (ಎನ್‌ಸಿಸಿಯ ಕೊನೆಯ ಹಂತದ ಪರೀಕ್ಷೆ) ರಿಸಲ್ಟ್ ಬಂದ ದಿನ ನಮ್ಮ ಪಿಐ, ಅಂದ್ರೆ ಸೇನೆಯಿಂದ ತರಬೇತಿಗೆ ಬಂದಿರೋ ಹವಾಲ್ದಾರ್ ಸಾಬ್, ಏನೂ ಮಾತಾಡದೆ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಟೀ ಕೊಡಿಸಿದರು. ಮ್ಯಾಪ್ ಕೊಟ್ಟು ಹುಡುಗರನ್ನ ಹೊರಗೆ ನಡೆಸೋ ನನ್ನ ಪ್ರಯೋಗ ನೋಡಿ ಮೂರು ವರ್ಷದಿಂದ "ಸರ್, ಯೇ ಸಬ್ ಛೋಡಿಯೇ, ಡ್ರಿಲ್ ಕರಾಯಿಯೇ" (ಇದೆಲ್ಲ ಬಿಡಿ, ಡ್ರಿಲ್ ಮಾಡಿಸಿ) ಅಂತಿದ್ದವರು ಅವರೇ. ಮೊದಲೆಲ್ಲ ನಮ್ಮಲ್ಲಿ ಇಪ್ಪತ್ತು ಜನ ಬರೆದರೆ ಎ ಗ್ರೇಡ್ ಬರ್ತಿದ್ದದ್ದು ಮೂರೋ ನಾಲ್ಕೋ. ಕಳೆದ ಸಲ 19ರಲ್ಲಿ 11. ಅದಕ್ಕೇ ಬರೆಯೋಣ ಅನ್ನಿಸಿತು.

ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲೂಕು ಕೇಂದ್ರದ ಡಿಗ್ರಿ ಕಾಲೇಜು. ಎಎನ್‌ಓ (ಕಾಲೇಜಿನ ಎನ್‌ಸಿಸಿ ನೋಡಿಕೊಳ್ಳೋ ಮೇಷ್ಟ್ರು) ಆಗಿ ನಾಗಪುರ ಹತ್ತಿರದ ಕಾಮ್ಟಿಯಲ್ಲಿ ಟ್ರೇನಿಂಗ್ ಮುಗಿಸಿ ಬಂದಾಗ ತಲೆ ತುಂಬ ಉತ್ಸಾಹ ಇತ್ತು. ಆದರೆ ಇಲ್ಲಿ ಮ್ಯಾಪ್ ರೀಡಿಂಗ್ ಅಂದ್ರೆ ಕ್ಲಾಸ್‌ರೂಮಲ್ಲಿ ಬೋರ್ಡಿನ ಮೇಲೆ ಕನ್ವೆನ್ಷನಲ್ ಸೈನ್ (ಮ್ಯಾಪಿನ ಗುರುತುಗಳು) ಬರೆದು ಕಾಪಿ ಮಾಡಿಸೋದು, ಲೀಡರ್‌ಶಿಪ್ ಅಂದ್ರೆ ಗುಣಗಳ ಪಟ್ಟಿ ಉರು ಹೊಡೆಸೋದು. ಹುಡುಗರು ಹೊಡೆಯುತ್ತಿದ್ದರು, ಮರೆಯುತ್ತಿದ್ದರು. ಸಿಕ್ಸ್ ಫಿಗರ್ ಗ್ರಿಡ್ ರೆಫರೆನ್ಸ್ (ಮ್ಯಾಪಲ್ಲಿ ಒಂದು ಜಾಗವನ್ನ ಆರು ಅಂಕಿಯಲ್ಲಿ ಹೇಳೋದು) ಸರಿಯಾಗಿ ಹೇಳೋನು ಹತ್ತಕ್ಕೆ ಒಬ್ಬ.

ನಾನು ಮಾಡಿದ್ದು ಇಷ್ಟೇ. ಎಂಟು ಜನರ ಸೆಕ್ಷನ್ (ತಂಡ), ಮ್ಯಾಪು ಒಬ್ಬನ ಕೈಯಲ್ಲಿ ಮಾತ್ರ, ಅವನೇ ಆ ಹೊತ್ತಿನ ಸೆಕ್ಷನ್ ಕಮಾಂಡರ್. ಪ್ರತಿ ಲೆಗ್‌ಗೆ (ದಾರಿಯ ಒಂದೊಂದು ತುಂಡಿಗೆ) ಕಮಾಂಡರ್ ಬದಲು. ಫೋನೆಲ್ಲ ನನ್ನ ಚೀಲದಲ್ಲಿ. ಕಾಲೇಜು ಹಿಂದಿನ ಕೆರೆ ಏರಿಯಿಂದ ಶುರು, ಮೂರು-ನಾಲ್ಕು ಕಿಲೋಮೀಟರ್, ಕೊನೆಯಲ್ಲಿ ಗುಡ್ಡದ ಮೇಲಿನ ಗುಡಿ. ಹೇಳೋಕೆ ಸುಲಭ, ಅಲ್ವಾ? ಮೊದಲ ವರ್ಷ ಪೂರ್ತಿ ಮಣ್ಣುಪಾಲಾಯಿತು.

ಮೊದಲನೇ ಪೆಟ್ಟು ಮ್ಯಾಪಿನದ್ದು. ಸರ್ವೆ ಆಫ್ ಇಂಡಿಯಾದ ಓಪನ್ ಸೀರೀಸ್ ಶೀಟು ಆನ್‌ಲೈನಲ್ಲಿ ಪುಕ್ಕಟೆ ಸಿಗುತ್ತೆ, ನಿಮಗೆ ಗೊತ್ತು. ಅದನ್ನ ಫ್ಲೆಕ್ಸ್ ಅಂಗಡಿಯಲ್ಲಿ ಹಾಕಿಸಿದೆ, ಮಳೆಗೂ ತಡೆಯುತ್ತೆ, ಅಗ್ಗ ಕೂಡ. ಆರು ಶೀಟಿಗೆ ಏಳುನೂರೋ ಎಂಟುನೂರೋ ಆಯಿತು. ಮೊದಲ ದಿನವೇ ಸೆಕ್ಷನ್ನು ಗುಡಿಯ ಬದಲು ಯಾರದ್ದೋ ಅಡಿಕೆ ತೋಟದ ಮಧ್ಯೆ ನಿಂತಿತ್ತು. ಎರಡನೇ ಸೆಕ್ಷನ್ನೂ ಅಲ್ಲೇ! ಹುಡುಗರಿಗೆ ಚೆನ್ನಾಗಿ ಬೈದೆ. ಮನೆಗೆ ಬಂದು ರಾತ್ರಿ ಸುಮ್ನೆ ಸ್ಕೇಲ್ ಇಟ್ಟು ನೋಡ್ತೀನಿ, ಗ್ರಿಡ್ ಚೌಕ 1.8 ಸೆಂಟಿಮೀಟರ್ ಇದೆ. ಐವತ್ತು ಸಾವಿರದ ಮ್ಯಾಪಲ್ಲಿ ಒಂದು ಕಿಲೋಮೀಟರ್ ಅಂದ್ರೆ 2 ಸೆಂಟಿಮೀಟರ್ ಇರಬೇಕು. ಅಂಗಡಿ ಹುಡುಗ ಅಳತೆಗೆ ಕೂರಲಿ ಅಂತ ಸ್ವಲ್ಪ ಕುಗ್ಗಿಸಿಬಿಟ್ಟಿದ್ದ. ಮೂರು ಕಿಲೋಮೀಟರ್ ದಾರಿಯನ್ನ ನಮ್ಮ ಪ್ರೊಟ್ರಾಕ್ಟರ್ (ಮ್ಯಾಪಲ್ಲಿ ಕೋನ, ದೂರ ಎರಡೂ ಅಳೆಯೋದು) 2700 ಮೀಟರ್ ಅಂತ ಓದಿತ್ತು. ಹುಡುಗರು ಹೆಜ್ಜೆ ಲೆಕ್ಕ ಇಟ್ಟು ಸರಿಯಾಗಿಯೇ ನಡೆದಿದ್ದರು, ಸರಿಯಾಗಿ ಮುನ್ನೂರು ಮೀಟರ್ ಹಿಂದೆಯೇ ನಿಂತಿದ್ದರು. ಮಾರನೇ ದಿನ ಫಾಲ್ ಇನ್‌ನಲ್ಲಿ ಎಲ್ಲರೂ ಸಾಲಾಗಿ ನಿಂತಾಗ ತಪ್ಪು ನನ್ನದು ಅಂತ ಹೇಳಿದೆ. ಈಗ ಅಂಗಡಿಯಲ್ಲೇ ಸ್ಕೇಲ್ ಇಟ್ಟು ನೋಡದೆ ದುಡ್ಡು ಕೊಡಲ್ಲ.

ಎರಡನೇದು ಕಂಪಾಸು. ಆನ್‌ಲೈನಲ್ಲಿ ಒಂದಕ್ಕೆ ನಾನೂರೈವತ್ತರ ಹಾಗೆ ಆರು ತರಿಸಿದೆ. ಎರಡರಲ್ಲಿ ಡಯಲ್ ಅಂಟಿಕೊಳ್ಳುತ್ತಿತ್ತು, ಒಂದು ಹತ್ತು ಡಿಗ್ರಿ ಆಚೆ ತೋರಿಸುತ್ತಿತ್ತು. ಉಳಿದ ಮೂರೇ ಇವತ್ತಿಗೂ ಓಡುತ್ತಿವೆ. ತಂತಿ ಬೇಲಿ ಪಕ್ಕ ನಿಂತು ಬೇರಿಂಗ್ (ಕಂಪಾಸಿನಿಂದ ದಿಕ್ಕಿನ ಡಿಗ್ರಿ) ತಗೊಂಡು, ಕಬ್ಬಿಣಕ್ಕೆ ಮುಳ್ಳು ಎಳೆದು ದಾರಿ ತಪ್ಪಿದವರೂ ಇದ್ದಾರೆ. ಅದನ್ನ ನಾನು ಮೊದಲೇ ಹೇಳಲಿಲ್ಲ, ಬೇಕಂತಲೇ. ಒಂದು ಸಲ ತಪ್ಪಿದವರು ಮತ್ತೆ ಬೇಲಿ ಹತ್ತಿರ ನಿಲ್ಲಲ್ಲ.

ಇನ್ನೊಂದು ತಲೆನೋವು ಮ್ಯಾಪೇ ಹಳೆಯದು ಅನ್ನೋದು. ನೀಲಿ ಬಣ್ಣದಲ್ಲಿ ತುಂಬಿದ ಕೆರೆ ಇದೆ, ಹೋಗಿ ನೋಡಿದರೆ ಜಾಲಿ ಮುಳ್ಳು. ಬೈಪಾಸ್ ರಸ್ತೆ ಮ್ಯಾಪಲ್ಲೇ ಇಲ್ಲ. ಮೊದಮೊದಲು ಇದು ತೊಂದರೆ ಅನ್ನಿಸಿತ್ತು, ಆಮೇಲೆ ಇದೇ ಒಳ್ಳೆ ಪಾಠ ಆಯಿತು. ಕೆರೆ ಒಣಗಿದರೂ ಏರಿ ಎಲ್ಲಿ ಹೋಗುತ್ತೆ? ಏರಿ, ತೂಬು, ಗುಡಿ, ಗುಡ್ಡ ಇವನ್ನ ನಂಬಿ, ರಸ್ತೆ ನಂಬಬೇಡಿ ಅಂದೆ. ರಿಸೆಕ್ಷನ್, ಅಂದ್ರೆ ದೂರದ ಗುರುತುಗಳ ದಿಕ್ಕು ನೋಡಿ ನಾವೆಲ್ಲಿದ್ದೀವಿ ಅಂತ ಕಂಡುಹಿಡಿಯೋದು, ಮಾತ್ರ ನಮ್ಮ ಕಡೆ ಕಷ್ಟ. ತೆಂಗಿನ ತೋಟದೊಳಗೆ ನಿಂತರೆ ಯಾವ ಗುಡ್ಡವೂ ಕಾಣಲ್ಲ.

ಆದರೆ ತೆಂಗಿನಿಂದಲೇ ಒಂದು ಉಪಾಯ ಹೊಳೆಯಿತು. ಜಡ್ಜಿಂಗ್ ಡಿಸ್ಟೆನ್ಸ್‌ಗೆ (ಕಣ್ಣಳತೆಯಲ್ಲಿ ದೂರ ಹೇಳೋದಕ್ಕೆ) ನೂರು ಮೀಟರ್ ಕಲ್ಪನೆ ಮಾಡಿಕೊಳ್ಳಿ ಅಂದ್ರೆ ಹುಡುಗರ ಕಣ್ಣಿಗೆ ಏನೂ ಬರಲ್ಲ. ನಮ್ಮ ಕಡೆ ಮರದಿಂದ ಮರಕ್ಕೆ ಇಪ್ಪತ್ತೈದು-ಇಪ್ಪತ್ತೆಂಟು ಅಡಿ ಬಿಟ್ಟು ನೆಡುತ್ತಾರೆ. ಹನ್ನೆರಡು ಅಂತರ ಎಣಿಸಿದರೆ ಹೆಚ್ಚುಕಮ್ಮಿ ನೂರು ಮೀಟರ್. ರೈತರ ಮಕ್ಕಳು, ತಕ್ಷಣ ಹಿಡಿದರು. ಹಳೇ ತೋಟಗಳಲ್ಲಿ ಕೈಕೊಡುತ್ತೆ, ಮಧ್ಯೆ ಮಧ್ಯೆ ಮರ ಸತ್ತಿರುತ್ತವೆ. ನಡಿಗೆ ಲೆಕ್ಕಕ್ಕೆ ಹುಣಸೆ ಬೀಜ: ಪ್ರತಿ ನೂರು ಮೀಟರಿಗೆ ಒಂದು ಬೀಜ ಬಲ ಜೇಬಿನಿಂದ ಎಡ ಜೇಬಿಗೆ. ಹುಡುಗರ ಹೆಜ್ಜೆ ನೂರು ಮೀಟರಿಗೆ 130 ಆಸುಪಾಸು, ಹುಡುಗಿಯರದ್ದು ಇನ್ನೊಂದು ಹತ್ತು-ಹದಿನೈದು ಜಾಸ್ತಿ. ಲೆಕ್ಕ ತಪ್ಪದೆ ಇಟ್ಟವರು ಹುಡುಗಿಯರೇ, ಇದನ್ನ ಒಪ್ಪಿಕೊಳ್ಳಲೇಬೇಕು.

ಲೀಡರ್‌ಶಿಪ್ ವಿಷಯಕ್ಕೆ ಬರ್ತೀನಿ. ಕಮಾಂಡರ್ ಯಾರೇ ಆಗಲಿ, ಮೊದಮೊದಲು ಸೆಕ್ಷನ್ ನಡೆಸುತ್ತಿದ್ದದ್ದು ಗಂಟಲು ದೊಡ್ಡದಿರೋ ಇಬ್ಬರು. ನಮ್ಮ ಎಸ್‌ಯುಓ (ಕೆಡೆಟ್‌ಗಳಲ್ಲೇ ಹಿರಿಯ ರ್‍ಯಾಂಕಿನವನು) ಅಂತೂ ಹಿಂದಿನಿಂದ "ಲೇ ಎಡಕ್ಕೆ ತಿರುಗ್ರೋ" ಅಂತ ಕೂಗೋನು. ಕೊನೆಗೆ ಅವನ ಬಾಯಿಗೆ ವಿಷಲ್ ಕೊಟ್ಟು ಸಾಲಿನ ಕೊನೆಯಲ್ಲಿ ಹಾಕಿದೆ. ಯಾರಾದರೂ ಬಿದ್ದರೆ ಮಾತ್ರ ಊದಬೇಕು, ಮಾತಾಡಿದರೆ ಅವನ ಸೆಕ್ಷನ್ ಮತ್ತೆ ಮೊದಲಿಂದ ನಡೆಯಬೇಕು. ಎರಡು ಸಲ ನಡೆದ ಮೇಲೆ ಉಳಿದವರೇ ಅವನ ಬಾಯಿ ಮುಚ್ಚಿಸಿದರು.

ಹೊರಡೋ ಮೊದಲು ಕಮಾಂಡರ್ ತಂಡಕ್ಕೆ ಕೊಡೋ ಆರ್ಡರ್ ಕನ್ನಡದಲ್ಲೇ ಕೊಡಿಸಿದೆ, ಎಲ್ಲರೂ ನಕ್ಕಿದ್ದು ಇದಕ್ಕೇ. ಇಂಗ್ಲಿಷಲ್ಲಿ "ಸಿಚುಯೇಷನ್, ಮಿಷನ್" ಅಂತ ಗಿಳಿಪಾಠ ಒಪ್ಪಿಸುತ್ತಿದ್ದ ಹುಡುಗಿ ಕನ್ನಡದಲ್ಲಿ ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು "ನಾವೀಗ ತೂಬಿನ ಹತ್ತಿರ ಇದೀವಿ, ಕತ್ತಲಾಗೋದರೊಳಗೆ ಗುಡಿ ಸೇರಬೇಕು, ನೀರು ಇಬ್ಬರಿಗೊಂದು ಬಾಟ್ಲಿ, ನಾನು ಬಿದ್ದರೆ ನೀನು ನೋಡ್ಕೋ" ಅಂದಳು. ಆರ್ಡರಿನಲ್ಲಿ ಇರಬೇಕಾದ ಐದೂ ಹೆಡಿಂಗ್ (ಪರಿಸ್ಥಿತಿ, ಗುರಿ, ಮಾಡೋ ರೀತಿ, ಊಟ-ನೀರಿನ ಏರ್ಪಾಡು, ಯಾರು ಕಮಾಂಡರ್) ಆ ಗೆರೆ, ಆ ಮಾತಲ್ಲೇ ಬಂತು. ಪರೀಕ್ಷೆಗೆ ಎರಡು ವಾರ ಇರುವಾಗ ಅದಕ್ಕೆ ಇಂಗ್ಲಿಷ್ ಹೆಸರು ಅಂಟಿಸಿದೆ. ಯಾರನ್ನ ಯಾವ ಲೆಗ್‌ಗೆ ಕಮಾಂಡರ್ ಮಾಡಬೇಕು ಅನ್ನೋದಕ್ಕೂ ನನ್ನದೊಂದು ಲೆಕ್ಕ ಇದೆ. ಅದನ್ನ ಇಲ್ಲಿ ಬರೆಯಲ್ಲ, ನಮ್ಮ ಕೆಡೆಟ್‌ಗಳೂ ಇದನ್ನ ಓದ್ತಾರೆ.

ನೈಟ್ ಮಾರ್ಚ್‌ಗೆ ಪ್ರಿನ್ಸಿಪಾಲರ ಸಹಿ, ಯೂನಿಟ್ ಅನುಮತಿ, ಮನೆಯವರ ಒಪ್ಪಿಗೆ ಪತ್ರ, ಹುಡುಗಿಯರ ಜೊತೆ ಒಬ್ಬರು ಮೇಡಂ, ಎಲ್ಲ ಇತ್ತು. ಊರಿನವರಿಗೆ ಹೇಳೋದೊಂದೇ ಮರೆತಿದ್ದೆ. ಟಾರ್ಚ್ ಆರಿಸಿಕೊಂಡು ತೋಟದ ಬದುವಿನಲ್ಲಿ ಸಾಲಾಗಿ ಹೋಗುತ್ತಿದ್ದ ಎಂಟು ಜನರನ್ನ ತೆಂಗಿನಕಾಯಿ ಕಳ್ಳರು ಅಂದುಕೊಂಡು ಸುತ್ತುವರಿದರು. ದೊಣ್ಣೆ ಸಮೇತ. ಅವತ್ತಿನ ಕಮಾಂಡರ್ ಸೆಕೆಂಡ್ ಇಯರ್ ಹುಡುಗ, ಕ್ಲಾಸಲ್ಲಿ ಬಾಯೇ ಬಿಡದವನು. ಅವನು ಎಲ್ಲರನ್ನೂ ಕೂರಿಸಿ, ಟೋಪಿಗೆ ತಾನೇ ಟಾರ್ಚ್ ಹಾಕಿ ತೋರಿಸಿ, "ಅಣ್ಣಾ, ಎನ್‌ಸಿಸಿಯವರು, ಮ್ಯಾಪ್ ನೋಡ್ಕೊಂಡು ಗುಡಿಗೆ ಹೋಗ್ತಿದೀವಿ" ಅಂದ. ನಾನು ಓಡಿ ಅಲ್ಲಿಗೆ ತಲುಪೋ ಹೊತ್ತಿಗೆ ಎಳನೀರು ಕುಡಿಯುತ್ತಿದ್ದರು. ಆಮೇಲಿಂದ ಸ್ಟೇಷನ್ನಿಗೂ ಪಂಚಾಯಿತಿಗೂ ಮೊದಲೇ ತಿಳಿಸ್ತೀನಿ.

ದುಡ್ಡು? ಮೂರು ವರ್ಷಕ್ಕೆ ನನ್ನ ಕೈಯಿಂದ ಹನ್ನೊಂದು-ಹನ್ನೆರಡು ಸಾವಿರ ಹೋಗಿರಬಹುದು. ಅದರಲ್ಲಿ ಅರ್ಧ ಚಿತ್ರಾನ್ನ, ಮೊಟ್ಟೆಗೇ. ಮನೆಯಲ್ಲಿ ಎಂಟು ಸಾವಿರ ಅಂತ ಹೇಳಿದ್ದೀನಿ.

ಆ ಬಾಯಿ ಬಿಡದ ಹುಡುಗ ಸಿ ಸರ್ಟಿಫಿಕೇಟ್ ಮೇಲೆ ಸೇನೆಯಲ್ಲಿ ಅಧಿಕಾರಿ ಆಗೋಕೆ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಹಾಕಿದ. ರಿಟನ್ ಇಲ್ಲ, ನೇರ ಎಸ್‌ಎಸ್‌ಬಿ, ಅಂದ್ರೆ ಐದು ದಿನದ ಆಯ್ಕೆ ಸಂದರ್ಶನ. ಬೆಂಗಳೂರಲ್ಲಿ ಸ್ಕ್ರೀನಿಂಗ್ ದಾಟಿ ಐದನೇ ದಿನ ಕಾನ್ಫರೆನ್ಸ್‌ವರೆಗೂ ಹೋಗಿ ವಾಪಸ್ ಬಂದ. ಕಮಾಂಡ್ ಟಾಸ್ಕ್ (ತಂಡ ನಡೆಸೋ ಪರೀಕ್ಷೆ) ಸುಲಭ ಇತ್ತು ಸರ್, ಲೆಕ್ಚರೆಟ್ಟಲ್ಲಿ (ಕೊಟ್ಟ ವಿಷಯದ ಮೇಲೆ ಮೂರು ನಿಮಿಷ ಮಾತು) ತೊದಲಿದೆ ಅಂದ. ಮತ್ತೆ ಹಾಕ್ತಾನಂತೆ. ನಾನೂ ಈಗ ಗುಡಿ ತಲುಪಿದ ಮೇಲೆ ಪ್ರತಿಯೊಬ್ಬರಿಂದ ಮೂರು ನಿಮಿಷ ಮಾತಾಡಿಸ್ತಿದ್ದೀನಿ, ಇನ್ನೂ ಹದಕ್ಕೆ ಬಂದಿಲ್ಲ, ಅರ್ಧ ಜನ ಉಸಿರು ಬಿಡೋದರಲ್ಲೇ ಟೈಮ್ ಮುಗಿಸ್ತಾರೆ.

ಈ ವರ್ಷ ಕೆರೆ ಕೋಡಿ ಬಿದ್ದಿದೆ. ಎರಡನೇ ಲೆಗ್ ಪೂರ್ತಿ ನೀರಲ್ಲಿದೆ. ಭಾನುವಾರ ಹವಾಲ್ದಾರ್ ಸಾಬ್ ಜೊತೆ ಗಾಡಿಯಲ್ಲಿ ಹೋಗಿ ಹೊಸ ರೂಟ್ ಹುಡುಕಬೇಕು. ಪೆಟ್ರೋಲ್ ಅವರೇ ಹಾಕಿಸ್ತಾರಂತೆ.